ಹೇನು ಹೋಗಿ ಮತ್ತೆ ಬರುವುದೇಕೆ? ತಲೆಹೇನನ್ನು ಮನೆಯಲ್ಲಿಯೇ ನಿವಾರಿಸುವ ಕ್ರಮ

ತಲೆಹೇನಿನ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಬೇರೆ ಬೇರೆ ಮಾತುಗಳಲ್ಲಿ ಬಂದರೂ ಅವುಗಳ ಸಾರ ಒಂದೇ. ಔಷಧ ಹಚ್ಚಿದೆವು, ತಲೆ ತೊಳೆದೆವು, ಹೇನು ಸತ್ತು ಬಿದ್ದದ್ದನ್ನು ಕಣ್ಣಾರೆ ಕಂಡೆವು, ಆದರೂ ಹತ್ತು ಹದಿನೈದು ದಿನಗಳಲ್ಲಿ ಮಗು ಮತ್ತೆ ತಲೆ ಕೆರೆದುಕೊಳ್ಳತೊಡಗಿತು, ತಪ್ಪಿದ್ದೆಲ್ಲಿ? ಬಹುಪಾಲು ಮನೆಗಳಲ್ಲಿ ತಪ್ಪುವುದು ದಿನಗಳ ಲೆಕ್ಕ. ಮೊದಲ ದಿನ ಸಾಯುವುದು ಓಡಾಡುವ ಹೇನುಗಳು ಮಾತ್ರ. ಕೂದಲಿಗೆ ಅಂಟಿಕೊಂಡಿರುವ ಮೊಟ್ಟೆಗಳಲ್ಲಿ ಹಲವು ಉಳಿದುಕೊಂಡು, ಒಂದು ವಾರ ಕಳೆಯುವ ಹೊತ್ತಿಗೆ ಒಡೆದು, ಹೊಸ ಹೇನುಗಳನ್ನು ಹೊರಬಿಡುತ್ತವೆ. ನಾವು ‘ಮತ್ತೆ ಬಂದವು’ ಎಂದುಕೊಳ್ಳುವ ಹೇನುಗಳು ಅನೇಕ ಸಲ ತಲೆಯನ್ನು ಬಿಟ್ಟು ಹೋಗಿಯೇ ಇರುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಯಾವ ಔಷಧ ಎಂಬುದಕ್ಕಿಂತ ಯಾವ ದಿನ ಏನು ಮಾಡಬೇಕು ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೆಲಸಕ್ಕೆ ತೊಡಗುವ ಮುನ್ನ ಹೇನಿನ ಬದುಕು

ಬೆಳೆದ ಹೇನು ಎಳ್ಳಿನ ಕಾಳಿನಷ್ಟು, ಅಂದರೆ 2ರಿಂದ 3 ಮಿಲಿಮೀಟರ್ ಉದ್ದವಿರುತ್ತದೆ. ಅದಕ್ಕೆ ಆರು ಕಾಲುಗಳಿದ್ದು, ಪ್ರತಿ ಕಾಲಿನ ತುದಿಯಲ್ಲಿ ಕೂದಲೆಳೆಯನ್ನು ಬಿಗಿಯಾಗಿ ಹಿಡಿಯುವ ಕೊಕ್ಕೆಯಿದೆ. ರೆಕ್ಕೆಗಳಿಲ್ಲದ ಕಾರಣ ಅದು ಹಾರಲಾರದು, ನೆಗೆಯಲೂ ಆರದು. ಒಂದು ತಲೆ ಇನ್ನೊಂದು ತಲೆಗೆ ತಾಗಿದಾಗ ಕೂದಲಿನಿಂದ ಕೂದಲಿಗೆ ಹರಿದುಹೋಗುವುದೇ ಅದರ ಮುಖ್ಯ ದಾರಿ. ಮಕ್ಕಳು ತಲೆಗೆ ತಲೆ ಹಚ್ಚಿ ಆಡುವುದರಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ ಅವರಲ್ಲಿ ಇದು ಹೆಚ್ಚು. ನಾಯಿ ಬೆಕ್ಕುಗಳಿಂದ ಮನುಷ್ಯರ ತಲೆಹೇನು ಹರಡುವುದಿಲ್ಲ.

ಹೇನು ದಿನಕ್ಕೆ ಹಲವು ಬಾರಿ ನೆತ್ತರು ಹೀರಿ ಬದುಕುವ ಜೀವಿ. ತಲೆಯಿಂದ ಕೆಳಗೆ ಬಿದ್ದರೆ ಆಹಾರವೂ ಬಿಸುಪೂ ಇಲ್ಲದೆ ಸಾಮಾನ್ಯವಾಗಿ ಒಂದೆರಡು ದಿನಗಳೊಳಗೆ ಸಾಯುತ್ತದೆ. ತಲೆಯ ಮೇಲೇ ಇದ್ದರೆ ಹೆಣ್ಣು ಹೇನು ಸುಮಾರು ಒಂದು ತಿಂಗಳು ಬದುಕಿ, ದಿನಕ್ಕೆ 8ರವರೆಗೆ ಮೊಟ್ಟೆಗಳನ್ನು ಇಡಬಲ್ಲದು. ಈ ಮೊಟ್ಟೆಯನ್ನೇ ಸೀರು ಎನ್ನುತ್ತೇವೆ. ಒಂದು ಮಿಲಿಮೀಟರಿಗಿಂತಲೂ ಚಿಕ್ಕದಾದ ಸೀರನ್ನು ಹೇನು ತನ್ನ ಮೈಯಿಂದ ಸ್ರವಿಸುವ ಅಂಟಿನಿಂದ, ನೆತ್ತಿಯ ಚರ್ಮದಿಂದ ಸುಮಾರು 6 ಮಿಲಿಮೀಟರ್ ಒಳಗೆ, ಕೂದಲಿನ ಬುಡಕ್ಕೆ ಅಂಟಿಸುತ್ತದೆ. ಚರ್ಮದ ಬಿಸುಪು ಮೊಟ್ಟೆ ಒಡೆಯಲು ಬೇಕು. ಅದಕ್ಕಾಗಿಯೇ ಅಷ್ಟು ಹತ್ತಿರ. ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ಸೀರು ಒಡೆದು ಮರಿಹೇನು ಹೊರಬರುತ್ತದೆ. ಆ ಮರಿ ಮೂರು ಬಾರಿ ಪೊರೆ ಕಳಚಿ, ಸುಮಾರು 9ರಿಂದ 12 ದಿನಗಳಲ್ಲಿ ಬೆಳೆದು, ಬಳಿಕ ತಾನೂ ಮೊಟ್ಟೆಯಿಡತೊಡಗುತ್ತದೆ.

ಮುಂದಿನ ಎಲ್ಲ ಹಂತಗಳೂ ಈ ಎರಡು ಅವಧಿಗಳ ಮೇಲೆ ನಿಂತಿವೆ. ಸೀರು ಒಡೆಯುವ ತನಕ ಕಾಯಬೇಕು, ಒಡೆದು ಬಂದ ಮರಿ ಮೊಟ್ಟೆಯಿಡುವಷ್ಟು ಬೆಳೆಯುವ ಮುನ್ನ ಅದನ್ನು ತೆಗೆಯಬೇಕು. ಇಷ್ಟನ್ನು ಸಾಧಿಸಿದರೆ ಹೇನಿನ ಸಂತತಿ ಆ ತಲೆಯಲ್ಲಿ ಮುಗಿಯುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ತಲೆಹೇನು ಕೊಳಕಿನಿಂದ ಬರುವುದಲ್ಲ. ದಿನವೂ ತೊಳೆಯುವ ತಲೆಗೂ ಹತ್ತುತ್ತದೆ, ಉದ್ದ ಕೂದಲಿಗೂ ಗಿಡ್ಡ ಕೂದಲಿಗೂ ಹತ್ತುತ್ತದೆ. ತಲೆಹೇನು ರೋಗಗಳನ್ನು ಹರಡುವುದಿಲ್ಲ. ತೊಂದರೆ ಕೊಡುವುದು ತುರಿಕೆ, ನಿದ್ದೆಗೇಡು, ಕೆರೆದು ಕೆರೆದು ಆದ ಗಾಯಕ್ಕೆ ತಗಲುವ ಸೋಂಕು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಅವಮಾನ. ಮಗುವನ್ನು ಗದರಿಸುವುದರಿಂದ, ಇತರರ ಮುಂದೆ ಆ ಮಾತೆತ್ತುವುದರಿಂದ, ಮುಂದಿನ ಬಾರಿ ತುರಿಕೆಯಾದಾಗ ಅದು ನಿಮಗೆ ಹೇಳದೆ ಮುಚ್ಚಿಡುತ್ತದೆ. ಆ ಕಾರಣಕ್ಕಾದರೂ ಇಡೀ ಕೆಲಸವನ್ನು ಸಮಾಧಾನದಿಂದ ಮಾಡಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಏನೇನು ಬೇಕು

ಮುಖ್ಯವಾಗಿ ಬೇಕಾದುದು ಒಳ್ಳೆಯ ಸೀರಣಿಗೆ, ಅಂದರೆ ಹೇನು ಮತ್ತು ಸೀರು ತೆಗೆಯಲೆಂದೇ ಮಾಡಿದ, ಹಲ್ಲುಗಳು ಒತ್ತೊತ್ತಾಗಿರುವ ಬಾಚಣಿಗೆ. ಹಲ್ಲುಗಳ ನಡುವಿನ ಸಂದು 0.3 ಮಿಲಿಮೀಟರಿಗಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಮರಿಹೇನು ನುಸುಳಿಹೋಗುತ್ತದೆ. ಒತ್ತಿದರೆ ಬಾಗಿ ಸಂದು ಬಿಡುವ ಹಲ್ಲುಗಳಿಗಿಂತ ಬಾಗದ, ಉದ್ದನೆಯ ಲೋಹದ ಹಲ್ಲುಗಳಿರುವುದು ಉತ್ತಮ, ಅದರಲ್ಲಿಯೂ ದಟ್ಟ ಅಥವಾ ಗುಂಗುರು ಕೂದಲಿಗೆ. ಇದು ಬಹಳ ಹಳೆಯ ಸಲಕರಣೆ. ಇಸ್ರೇಲಿನ ಲಾಕೀಷ್ ಎಂಬ ಪುರಾತನ ನೆಲೆಯಲ್ಲಿ ಸಿಕ್ಕ, ಸುಮಾರು ಕ್ರಿ.ಪೂ. 1700ರದ್ದೆಂದು ಅಂದಾಜಿಸಲಾದ ಪುಟ್ಟ ಆನೆದಂತದ ಬಾಚಣಿಗೆಯ ಮೇಲೆ, ಕೂದಲಿನ ಮತ್ತು ಗಡ್ಡದ ಹೇನನ್ನು ಈ ದಂತವು ಕಿತ್ತುಹಾಕಲಿ ಎಂಬ ಅರ್ಥದ ಬರಹವಿದೆ. ಅದನ್ನು ಓದಿ 2022ರಲ್ಲಿ ಪ್ರಕಟಿಸಲಾಯಿತು. ಇಷ್ಟು ಕಾಲವಾದರೂ ಬಾಚಣಿಗೆಯನ್ನು ಬಿಟ್ಟು ಹೇನು ತೆಗೆಯುವ ಪೂರ್ಣ ವಿಧಾನವಿಲ್ಲವೆಂದೇ ನನ್ನ ತಿಳಿವಳಿಕೆ. ಔಷಧ ಬಳಸುವವರಿಗೂ ಸೀರಣಿಗೆ ಬೇಕೇ ಬೇಕು.

ಅದರ ಜೊತೆಗೆ ಸಿಕ್ಕು ಬಿಡಿಸಲು ಅಗಲ ಹಲ್ಲಿನ ಸಾಧಾರಣ ಬಾಚಣಿಗೆ, ಸಾಧಾರಣ ಶಾಂಪೂ, ಧಾರಾಳವಾಗಿ ಕಂಡೀಷನರ್ (ತೊಳೆದ ಕೂದಲನ್ನು ನುಣುಪಾಗಿಸಲು ಹಚ್ಚುವ ಲೇಪ), ಕೂದಲನ್ನು ಭಾಗ ಮಾಡಿ ಹಿಡಿಸಲು ನಾಲ್ಕಾರು ಕ್ಲಿಪ್ಪುಗಳು, ಸೀರಣಿಗೆ ಒರೆಸಲು ಬಿಳಿಯ ಬಟ್ಟೆ ಅಥವಾ ಕಾಗದ, ಹೆಗಲಿಗೆ ಹೊದಿಸಲು ಒಂದು ಟವೆಲು, ಬಿಸಿ ಸಾಬೂನು ನೀರಿನ ಬಟ್ಟಲು, ಮತ್ತು ಚೆನ್ನಾದ ಬೆಳಕು. ಕಣ್ಣು ಮಂದವಾಗಿರುವವರು ಭೂತಗನ್ನಡಿಯನ್ನು ಹತ್ತಿರವಿಟ್ಟುಕೊಳ್ಳಲಿ. ಸಮಯವನ್ನೂ ಸಾಮಗ್ರಿಯೆಂದೇ ಎಣಿಸಿರಿ: ಗಿಡ್ಡ ಕೂದಲಿಗೆ ಹತ್ತು ನಿಮಿಷ ಸಾಕಾದೀತು, ಉದ್ದ ಕೂದಲಿಗೆ ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ.

ಹಂತ 1: ಹೇನು ಇರುವುದು ನಿಜವೇ ಎಂದು ಖಚಿತಪಡಿಸಿಕೊಳ್ಳಿ

ತುರಿಕೆಯೊಂದನ್ನೇ ನಂಬಿ ಔಷಧ ಹಚ್ಚಬೇಡಿ. ಹೇನು ಕಚ್ಚುವಾಗ ಚರ್ಮಕ್ಕೆ ಸೇರುವ ಜೊಲ್ಲಿಗೆ ದೇಹ ತೋರುವ ಅಲರ್ಜಿಯೇ ತುರಿಕೆ. ಮೊದಲ ಬಾರಿ ಹೇನು ಹತ್ತಿದವರಲ್ಲಿ ಈ ಅಲರ್ಜಿ ಹುಟ್ಟಲು 4ರಿಂದ 6 ವಾರಗಳು ಹಿಡಿಯಬಹುದು. ಹೀಗಾಗಿ ತುರಿಕೆಯಿಲ್ಲದ ತಲೆಯಲ್ಲಿ ಹೇನಿರಬಹುದು, ಹೊಟ್ಟು ಅಥವಾ ಒಣಚರ್ಮದಿಂದ ತುರಿಸುವ ತಲೆಯಲ್ಲಿ ಒಂದೂ ಹೇನು ಇಲ್ಲದಿರಬಹುದು.

ಖಚಿತವಾದ ಸಾಕ್ಷಿ ಜೀವಂತ ಹೇನು ಮಾತ್ರ. ಬೆಳಕು ಬಿದ್ದೊಡನೆ ಅದು ಬೇಗ ಸರಿದು ಅಡಗುತ್ತದೆ, ಆದ್ದರಿಂದ ಒಣಕೂದಲನ್ನು ಬೆರಳಿನಿಂದ ಸರಿಸಿ ನೋಡುವ ಪರೀಕ್ಷೆಯಲ್ಲಿ ಅನೇಕ ಹೇನುಗಳು ತಪ್ಪಿಸಿಕೊಳ್ಳುತ್ತವೆ. ಕೂದಲನ್ನು ಒದ್ದೆ ಮಾಡಿ, ಕಂಡೀಷನರ್ ಹಚ್ಚಿ, ಸೀರಣಿಗೆಯಿಂದ ಬಾಚಿ ನೋಡುವುದು ಇದಕ್ಕಿಂತ ಎಷ್ಟೋ ನಂಬಲರ್ಹ. ಕಿವಿಗಳ ಹಿಂಭಾಗ ಮತ್ತು ಕತ್ತಿನ ಹಿಂದೆ ಕೂದಲು ಶುರುವಾಗುವ ಜಾಗ, ಇವೆರಡನ್ನು ಮೊದಲು ಬಾಚಿರಿ; ಹೇನೂ ಸೀರೂ ಹೆಚ್ಚಾಗಿ ಸಿಗುವುದು ಅಲ್ಲಿಯೇ. ಸಾಮಾನ್ಯವಾಗಿ ಒಂದು ತಲೆಯಲ್ಲಿ ಇರುವ ಜೀವಂತ ಹೇನುಗಳು ಇಪ್ಪತ್ತಕ್ಕಿಂತ ಕಡಿಮೆ, ಆದ್ದರಿಂದ ಒಂದೆರಡು ಬಾರಿ ಎಳೆದು ಏನೂ ಸಿಗಲಿಲ್ಲವೆಂದು ನಿಲ್ಲಿಸಬೇಡಿ.

ಸೀರು ಮಾತ್ರ ಕಂಡರೆ ಅದು ಎಲ್ಲಿದೆ ಎಂದು ನೋಡಿರಿ. ಬುಡದಿಂದ 6 ಮಿಲಿಮೀಟರ್ ಒಳಗೆ ಕಂದು ಬಣ್ಣದ, ತುಂಬಿದಂತಿರುವ ಸೀರುಗಳಿದ್ದರೆ ಅವು ಜೀವಂತವಾಗಿರುವ ಸಂಭವ ಹೆಚ್ಚು. ಬುಡದಿಂದ ದೂರದಲ್ಲಿ, ಬೆಳ್ಳಗೆ ಹೊಳೆಯುವಂತಿರುವವು ಬಹುಮಟ್ಟಿಗೆ ಒಡೆದುಹೋದ ಚಿಪ್ಪುಗಳು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಬುಡದಿಂದ ಎರಡು ಸೆಂಟಿಮೀಟರ್ ದೂರದಲ್ಲಿರುವ ಚಿಪ್ಪು ಎರಡು ತಿಂಗಳ ಹಿಂದಿನ ಕಥೆಯನ್ನು ಹೇಳುತ್ತಿರುತ್ತದೆ. ಅದನ್ನು ನೋಡಿ ಇಂದು ಔಷಧ ಹಚ್ಚಬೇಕಾಗಿಲ್ಲ.

ಹೊಟ್ಟನ್ನು ಸೀರೆಂದು ತಿಳಿಯುವುದು ಬಹಳ ಸಾಮಾನ್ಯವಾದ ತಪ್ಪು. ಬೆರಳಿನಿಂದ ಕೊಡವಿದರೆ ಉದುರುವುದು ಹೊಟ್ಟು; ಎರಡು ಉಗುರುಗಳ ನಡುವೆ ಹಿಡಿದು ಕೂದಲಿನುದ್ದಕ್ಕೆ ಬಲವಾಗಿ ಎಳೆದರೆ ಮಾತ್ರ ಜಾರುವುದು ಸೀರು.

ಹಂತ 2: ಮನೆಯವರೆಲ್ಲರ ತಲೆಯನ್ನು ಅದೇ ದಿನ ನೋಡಿರಿ

ಒಬ್ಬರಿಗೆ ಹೇನು ಸಿಕ್ಕ ದಿನವೇ ಮನೆಯ ಪ್ರತಿಯೊಬ್ಬರನ್ನೂ ಇದೇ ರೀತಿ ಪರೀಕ್ಷಿಸಿ, ಜೀವಂತ ಹೇನು ಸಿಕ್ಕವರೆಲ್ಲರಿಗೂ ಚಿಕಿತ್ಸೆಯನ್ನು ಒಂದೇ ದಿನ ಆರಂಭಿಸಿರಿ. ತಂಗಿಗೆ ಈ ವಾರ, ಅಕ್ಕನಿಗೆ ಮುಂದಿನ ವಾರ ಎಂದು ಮಾಡಿದರೆ ಹೇನು ಇಬ್ಬರ ನಡುವೆ ಸುತ್ತುತ್ತಲೇ ಇರುತ್ತದೆ. ದೊಡ್ಡವರು ತಮ್ಮನ್ನು ಈ ಪರೀಕ್ಷೆಯಿಂದ ಬಿಟ್ಟುಕೊಳ್ಳುವುದುಂಟು. ಮಗುವಿನ ಪಕ್ಕದಲ್ಲಿ ಮಲಗುವ ತಾಯಿಯ, ಅಜ್ಜಿಯ ತಲೆಯನ್ನು ನೋಡದೆ ಬಿಡುವಂತಿಲ್ಲ. ಹೇನು ಸಿಗದವರಿಗೆ ಮುನ್ನೆಚ್ಚರಿಕೆಯೆಂದು ಔಷಧ ಹಚ್ಚುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಹೇನಿರುವವರೊಡನೆ ಒಂದೇ ಹಾಸಿಗೆಯಲ್ಲಿ ಮಲಗುವವರ ವಿಷಯದಲ್ಲಿ ಮಾತ್ರ ಇದಕ್ಕೆ ವಿನಾಯಿತಿ ಕೊಡುವುದುಂಟು. ಮಗುವಿನೊಡನೆ ಹೆಚ್ಚು ಬೆರೆಯುವ ಗೆಳೆಯರ ಮನೆಯವರಿಗೂ ವಿಷಯವನ್ನು ತಿಳಿಸಿರಿ. ಇದು ಸಂಕೋಚದ ಕೆಲಸವೆಂಬುದು ನನಗೆ ಗೊತ್ತು. ಆದರೆ ಮುಚ್ಚಿಟ್ಟ ಹೇನು ಅದೇ ಗೆಳೆಯರ ತಲೆಯಿಂದ ನಿಮ್ಮ ಮನೆಗೇ ತಿರುಗಿ ಬರುತ್ತದೆ.

ಹಂತ 3: ವಿಧಾನವನ್ನು ಆರಿಸಿಕೊಳ್ಳಿ

ನಿಮ್ಮ ಮುಂದೆ ಎರಡು ದಾರಿಗಳಿವೆ: ಔಷಧವಿಲ್ಲದೆ ಒದ್ದೆಕೂದಲನ್ನು ಕ್ರಮವಾಗಿ ಬಾಚುವುದು, ಅಥವಾ ಹೇನುನಾಶಕ ಲೋಷನ್ ಹಚ್ಚಿ ಅದರ ಜೊತೆಗೆ ಬಾಚುವುದು. ಎಳೆಯ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಚರ್ಮ ಸೂಕ್ಷ್ಮವಾಗಿರುವವರಿಗೆ ಮೊದಲನೆಯದು ಸುರಕ್ಷಿತ. ಕೂದಲು ಬಹಳ ಉದ್ದವಾಗಿ ದಟ್ಟವಾಗಿದ್ದು, ಮನೆಯಲ್ಲಿ ಮೂರು ನಾಲ್ಕು ಜನರಿಗೆ ಹತ್ತಿದ್ದು, ಅಷ್ಟೂ ತಲೆಗಳನ್ನು ಪದೇ ಪದೇ ಬಾಚಲು ಒಬ್ಬರೇ ಇದ್ದರೆ ಎರಡನೆಯದು ಹೆಚ್ಚು ಪ್ರಾಯೋಗಿಕ. ಬಾಚುವ ವಿಧಾನ ಶ್ರದ್ಧೆಯನ್ನು ಬೇಡುತ್ತದೆ. ಒಂದು ಸರದಿ ತಪ್ಪಿದರೂ ಫಲ ಕೆಡುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಯೋಚಿಸಿ ನಿರ್ಧರಿಸಿರಿ.

ಹಂತ 4: ಒದ್ದೆಕೂದಲನ್ನು ಬಾಚುವ ಕ್ರಮ

ತಲೆಯನ್ನು ಸಾಧಾರಣ ಶಾಂಪೂವಿನಿಂದ ತೊಳೆಯಿರಿ. ಶಾಂಪೂ ಹೇನನ್ನು ಕೊಲ್ಲುವುದಿಲ್ಲ, ಕೂದಲಿನ ಜಿಡ್ಡನ್ನು ತೆಗೆಯುತ್ತದೆ, ಅಷ್ಟೇ. ನೀರು ಸುರಿಯದಂತೆ ಟವೆಲಿನಿಂದ ಒತ್ತಿ, ಕೂದಲು ಒದ್ದೆಯಿರುವಾಗಲೇ ಬುಡದಿಂದ ತುದಿಯವರೆಗೆ ಕಂಡೀಷನರನ್ನು ಧಾರಾಳವಾಗಿ ಸವರಿರಿ. ಇದರಿಂದ ಎರಡು ಉಪಯೋಗಗಳಿವೆ: ಸೀರಣಿಗೆ ಸಿಕ್ಕಿಕೊಳ್ಳದೆ ಜಾರುತ್ತದೆ, ಮತ್ತು ಒದ್ದೆಯಾಗಿ ಲೇಪ ಮೆತ್ತಿಕೊಂಡ ಹೇನು ಕೆಲಹೊತ್ತು ಓಡಲಾರದೆ ಇದ್ದಲ್ಲೇ ಇರುತ್ತದೆ. ಕಂಡೀಷನರ್ ಒಗ್ಗದವರು ತಲೆಗೆ ಹಚ್ಚುವ ಎಣ್ಣೆಯನ್ನು ಬಳಸಬಹುದು. ಬಾಚಣಿಗೆ ಜಾರುವಂತಾಗಬೇಕು ಎಂಬುದು ಮುಖ್ಯ.

ಮಗುವನ್ನು ಬೆಳಕಿಗೆ ಬೆನ್ನು ಮಾಡಿ ಕೂರಿಸಿ, ಹೆಗಲಿಗೆ ಟವೆಲು ಹೊದಿಸಿರಿ. ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕನ್ನು ಪೂರ್ತಿಯಾಗಿ ಬಿಡಿಸಿರಿ. ಸಿಕ್ಕಿರುವ ಕೂದಲಿಗೆ ಸೀರಣಿಗೆ ಹಾಕಿದರೆ ಮಗುವಿಗೆ ನೋವಾಗಿ, ಮುಂದಿನ ಸರದಿಗೆ ಅದು ಕೂರಲು ಒಪ್ಪುವುದಿಲ್ಲ. ಸಿಕ್ಕು ಬಿಟ್ಟ ಮೇಲೆ ಬೈತಲೆ ತೆಗೆದು ಕೂದಲನ್ನು ನಾಲ್ಕು ಭಾಗ ಮಾಡಿ, ಮೂರನ್ನು ಕ್ಲಿಪ್ಪಿನಿಂದ ಹಿಡಿಸಿ, ಒಂದರಿಂದ ಆರಂಭಿಸಿರಿ.

ಒಂದೆರಡು ಬೆರಳಿನ ಅಗಲದಷ್ಟು ಎಳೆಗಳನ್ನು ಮಾತ್ರ ಕೈಗೆ ತೆಗೆದುಕೊಳ್ಳಿ. ಸೀರಣಿಗೆಯ ಹಲ್ಲುಗಳು ನೆತ್ತಿಯ ಚರ್ಮವನ್ನು ಮೆಲ್ಲಗೆ ಮುಟ್ಟುವಂತೆ ಬುಡದಲ್ಲಿ ಇಟ್ಟು, ತುದಿಯವರೆಗೆ ಒಂದೇ ಎಳೆತದಲ್ಲಿ ಎಳೆಯಿರಿ. ಬುಡವನ್ನು ಮುಟ್ಟದೆ ಅರ್ಧದಿಂದ ಬಾಚಿದರೆ ಹೇನು ಇರುವ ಜಾಗವೇ ಬಿಟ್ಟುಹೋಗುತ್ತದೆ; ಇಡೀ ಕೆಲಸದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಇದು. ಪ್ರತಿ ಎಳೆತದ ನಂತರವೂ ಸೀರಣಿಗೆಯನ್ನು ಬಿಳಿಯ ಬಟ್ಟೆಗೆ ಒರೆಸಿ, ಏನು ಬಂತೆಂದು ನೋಡಿ, ಬಳಿಕ ಸಾಬೂನು ನೀರಿನಲ್ಲಿ ಅದ್ದಿರಿ. ಒರೆಸದೆ ಎರಡನೆಯ ಬಾರಿ ಎಳೆದರೆ ತೆಗೆದ ಹೇನನ್ನು ಮತ್ತೆ ತಲೆಗೇ ಬಿಟ್ಟಂತೆ. ಅದೇ ಎಳೆಗಳನ್ನು ಮೇಲಿನಿಂದ, ಕೆಳಗಿನಿಂದ, ಎರಡೂ ಬದಿಗಳಿಂದ ಬಾಚಿ, ಅನಂತರ ಪಕ್ಕದ ಎಳೆಗಳಿಗೆ ಹೋಗಿರಿ.

ಬಟ್ಟೆಯ ಮೇಲೆ ಬಂದ ಹೇನುಗಳ ಗಾತ್ರವನ್ನು ಗಮನಿಸಿ, ದೊಡ್ಡವೋ ಮರಿಗಳೋ ಎಂದು ಬರೆದಿಟ್ಟುಕೊಳ್ಳಿ. ಇದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಕರಿ ಚುಕ್ಕೆಗಳಂತೆ ಕಾಣುವುದು ಹೇನಿನ ಹಿಕ್ಕೆ.

ಇಡೀ ತಲೆ ಒಮ್ಮೆ ಮುಗಿದ ಮೇಲೆ ಆರಂಭದಿಂದ ಇನ್ನೊಮ್ಮೆ ಬಾಚಿರಿ. ನಂತರ ಕಂಡೀಷನರನ್ನು ತೊಳೆದು, ಕೂದಲು ಒದ್ದೆಯಿರುವಾಗಲೇ ಕೊನೆಯ ಸಲ ಸೀರಣಿಗೆ ಎಳೆದು ನೋಡಿರಿ. ಬಾಚಣಿಗೆಗೆ ಜಗ್ಗದ ಸೀರುಗಳನ್ನು ಹೆಬ್ಬೆರಳಿನ ಉಗುರು ಮತ್ತು ತೋರುಬೆರಳಿನ ನಡುವೆ ಹಿಡಿದು ಕೂದಲಿನ ತುದಿಯತ್ತ ಎಳೆಯಬಹುದು, ಇಲ್ಲವೇ ಆ ಒಂದೆಳೆ ಕೂದಲನ್ನೇ ಬುಡದಲ್ಲಿ ಕತ್ತರಿಸಬಹುದು. ತೆಗೆದ ಹೇನುಗಳನ್ನು ಸಾಬೂನು ನೀರಿನ ಸಮೇತ ಶೌಚಾಲಯಕ್ಕೆ ಸುರಿದು ನೀರು ಬಿಡಿ. ಬರಿಯ ನೀರಿನಲ್ಲಿ ಹೇನು ಗಂಟೆಗಟ್ಟಲೆ ಬದುಕಬಲ್ಲದು, ಆದ್ದರಿಂದ ಮುಳುಗಿದ್ದೇ ಸತ್ತಿತೆಂದು ನಂಬಬೇಡಿ.

ಹಂತ 5: ಔಷಧ ಬಳಸುವುದಾದರೆ

ಹೇನುನಾಶಕಗಳಲ್ಲಿ ಹಲವು ಬಗೆಗಳಿದ್ದು, ಅವುಗಳ ಕೆಲಸದ ರೀತಿ ಬೇರೆ ಬೇರೆ. ಪರ್ಮೆಥ್ರಿನ್ ಎಂಬುದು ಹೇನಿನ ನರಗಳನ್ನು ನಿಶ್ಚೇಷ್ಟಗೊಳಿಸುವ ಕೀಟನಾಶಕ; ತಲೆಹೇನಿಗೆ ಬಳಸುವುದು ಇದರ ಶೇ. 1ರ ಲೋಷನ್. ಚರ್ಮದ ಕಜ್ಜಿಗೆ ಕೊಡುವ ಶೇ. 5ರ ಪರ್ಮೆಥ್ರಿನ್ ಕ್ರೀಮು ಬೇರೆಯೇ ಔಷಧರೂಪ. ಹೆಸರು ಒಂದೇ ಎಂದು ಮನೆಯಲ್ಲಿ ಉಳಿದಿರುವ ಆ ಕ್ರೀಮನ್ನು ತಲೆಗೆ ಹಚ್ಚಬೇಡಿ. ಡೈಮೆಥಿಕೋನ್ ಎಂಬುದು ಸಿಲಿಕೋನ್ ಜಾತಿಯ ಎಣ್ಣೆಯಂತಹ ದ್ರವ. ಅದು ವಿಷವಾಗಿ ಕೆಲಸ ಮಾಡದೆ ಹೇನಿನ ಮೈಯನ್ನು ಪೂರ್ತಿ ಆವರಿಸಿ, ಉಸಿರಿನ ರಂಧ್ರಗಳನ್ನು ಮುಚ್ಚಿ ಕೊಲ್ಲುತ್ತದೆ. ಪರ್ಮೆಥ್ರಿನ್‌ಗೆ ಅನೇಕ ಕಡೆ ಹೇನುಗಳು ಪ್ರತಿರೋಧ ಬೆಳೆಸಿಕೊಂಡಿವೆ, ಅಂದರೆ ಆ ಔಷಧಕ್ಕೆ ಸಾಯದ ತಳಿಗಳು ಹುಟ್ಟಿವೆ. ಆದ್ದರಿಂದ ಎರಡೂ ಸಿಗುವಲ್ಲಿ ನಾನು ಡೈಮೆಥಿಕೋನನ್ನೇ ಮೊದಲು ಸೂಚಿಸುತ್ತೇನೆ. ಐವರ್‌ಮೆಕ್ಟಿನ್ ಲೋಷನ್ ಅಥವಾ ಮಾತ್ರೆ, ಮ್ಯಾಲಥಿಯಾನ್ ಲೋಷನ್ ಮುಂತಾದವು ವೈದ್ಯರ ಸಲಹೆಯಿಂದಲೇ ಆಗಬೇಕು. ನರಮಂಡಲಕ್ಕೆ ಹಾನಿ ಮಾಡಬಲ್ಲ ಲಿಂಡೇನ್ ಎಂಬ ಹಳೆಯ ಔಷಧವನ್ನು ಮಕ್ಕಳಿಗೆ ಬಳಸಲೇಬೇಡಿ.

ಪರ್ಮೆಥ್ರಿನ್ ಲೋಷನ್ ಹಚ್ಚುವ ಮುನ್ನ ಕಂಡೀಷನರ್ ಇಲ್ಲದ ಶಾಂಪೂವಿನಿಂದ ತಲೆ ತೊಳೆದು, ಟವೆಲಿನಿಂದ ಒರೆಸಿಕೊಳ್ಳಬೇಕು. ಕಂಡೀಷನರ್ ಹಚ್ಚಿದ್ದರೆ ಔಷಧ ಕೂದಲಿಗೆ ಸರಿಯಾಗಿ ಹಿಡಿಯುವುದಿಲ್ಲ. ಬಾಚುವಾಗ ಕಂಡೀಷನರ್ ಬೇಕು, ಈ ಔಷಧಕ್ಕೆ ಬೇಡ. ಇವೆರಡನ್ನು ಅದಲು ಬದಲು ಮಾಡಿಕೊಂಡು ಔಷಧವನ್ನು ದೂರುವವರು ಬಹಳ. ಕಣ್ಣಿಗೆ ಒಣಬಟ್ಟೆ ಹಿಡಿಸಿ, ಕಿವಿಗಳ ಹಿಂದೆ ಮತ್ತು ಕತ್ತಿನ ಮೇಲೆ ಬಿಡದೆ, ನೆತ್ತಿಯ ಚರ್ಮವೂ ಕೂದಲೂ ಪೂರ್ತಿ ನೆನೆಯುವಂತೆ ಹಚ್ಚಿ, 10 ನಿಮಿಷದ ನಂತರ ತೊಳೆಯಿರಿ. ಮೈಮೇಲೆಲ್ಲ ಹರಿಯದಂತೆ ತಲೆಯನ್ನು ಬಗ್ಗಿಸಿ, ಉಗುರುಬೆಚ್ಚಗಿನ ನೀರಿನಿಂದ ತೊಳೆಯುವುದು ಒಳ್ಳೆಯದು. ಅನಂತರ ಒಂದೆರಡು ದಿನ ಮತ್ತೆ ತಲೆ ತೊಳೆಯಬೇಡಿ. 2 ತಿಂಗಳಿಗಿಂತ ಚಿಕ್ಕ ಶಿಶುಗಳಿಗೆ ಈ ಔಷಧ ಸಲ್ಲದು. ಡೈಮೆಥಿಕೋನ್‌ನ ಅವಧಿ ತಯಾರಿಕೆಯಿಂದ ತಯಾರಿಕೆಗೆ ಬದಲಾಗುತ್ತದೆ, ಶೇ. 4ರ ಲೋಷನನ್ನು ಸಾಮಾನ್ಯವಾಗಿ ಒಣಕೂದಲಿಗೆ ಹಚ್ಚಿ 8 ಗಂಟೆ ಬಿಡುತ್ತಾರೆ. ಡಬ್ಬಿಯ ಮೇಲಿನ ಸೂಚನೆಯೇ ಅಂತಿಮ. ಅದು ತಲೆಯ ಮೇಲಿರುವಷ್ಟು ಹೊತ್ತು ಬೆಂಕಿ, ಒಲೆ, ದೀಪ, ಬಿಸಿಗಾಳಿಯ ಯಂತ್ರ ಯಾವುದೂ ಹತ್ತಿರ ಸುಳಿಯಬಾರದು, ಏಕೆಂದರೆ ಲೋಷನ್ ಹಚ್ಚಿದ ಕೂದಲು ಬೇಗ ಹೊತ್ತಿಕೊಳ್ಳಬಲ್ಲದು.

ಔಷಧ ಹಚ್ಚಿದ 8ರಿಂದ 12 ಗಂಟೆಗಳ ನಂತರ ಬಾಚಿ ನೋಡಿರಿ. ಹೇನುಗಳು ಸತ್ತಿದ್ದರೆ, ಅಥವಾ ಒಂದೆರಡು ನಿಧಾನವಾಗಿ ಅಲುಗಾಡುತ್ತಿದ್ದರೆ, ಔಷಧ ಕೆಲಸ ಮಾಡಿದೆ. ಅವನ್ನು ಬಾಚಿ ತೆಗೆಯಿರಿ, ಮತ್ತೆ ಹಚ್ಚಬೇಡಿ. ಮೊದಲಿನಷ್ಟೇ ಚುರುಕಾಗಿ ಓಡುತ್ತಿದ್ದರೆ ಆ ಔಷಧಕ್ಕೆ ಪ್ರತಿರೋಧವಿದೆಯೆಂದು ತಿಳಿದು, ವೈದ್ಯರನ್ನೋ ಔಷಧ ವ್ಯಾಪಾರಿಯನ್ನೋ ಕೇಳಿ ಬೇರೆ ಬಗೆಯದನ್ನು ಆರಿಸಿಕೊಳ್ಳಿ. ಎರಡು ಔಷಧಗಳನ್ನು ಒಟ್ಟಿಗೆ ಹಚ್ಚುವುದು, ಹೆಚ್ಚು ಹೊತ್ತು ಬಿಡುವುದು, ದಿನ ಬಿಟ್ಟು ದಿನ ಹಚ್ಚುವುದು, ಇವು ಹೇನಿಗಿಂತ ಮಗುವಿನ ಚರ್ಮಕ್ಕೆ ಹೆಚ್ಚು ತೊಂದರೆ ಕೊಡುತ್ತವೆ.

ಹಂತ 6: ದಿನಗಳ ಲೆಕ್ಕ ತಪ್ಪಿಸಬೇಡಿ

ಇಡೀ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನು ನೆನಪಿಡಿ. ಒದ್ದೆಕೂದಲನ್ನು 1, 5, 9 ಮತ್ತು 13ನೆಯ ದಿನಗಳಂದು ಪೂರ್ತಿಯಾಗಿ ಬಾಚಿ, 17ನೆಯ ದಿನ ಕೊನೆಯ ಪರೀಕ್ಷೆ ಮಾಡಬೇಕು. ಭಾನುವಾರ ಆರಂಭಿಸಿದರೆ ಮುಂದಿನ ಸರದಿಗಳು ಗುರುವಾರ, ಸೋಮವಾರ, ಶುಕ್ರವಾರ, ಮತ್ತು ಪರೀಕ್ಷೆ ಮಂಗಳವಾರ. ಕ್ಯಾಲೆಂಡರಿನಲ್ಲಿ ಇಂದೇ ಗುರುತು ಹಾಕಿರಿ.

ನಾಲ್ಕು ದಿನಗಳ ಅಂತರ ಏಕೆಂದರೆ, ಮೊದಲ ದಿನ ದೊಡ್ಡ ಹೇನುಗಳೆಲ್ಲ ಹೋದವೆಂದು ಇಟ್ಟುಕೊಂಡರೂ ಸೀರುಗಳು ಉಳಿದಿರುತ್ತವೆ. ಆ ದಿನ ಬೆಳಿಗ್ಗೆಯಷ್ಟೇ ಇಟ್ಟ ಸೀರು ಕೂಡ 11ನೆಯ ದಿನದ ಹೊತ್ತಿಗೆ ಒಡೆದಿರುತ್ತದೆ, ಅದರ ಮರಿ 13ರಂದು ಸಿಗುತ್ತದೆ. ಎರಡನೆಯ ದಿನವೇ ಒಡೆದು ಬಂದ ಮರಿ 5ರಂದು ಸಿಗುತ್ತದೆ. ಅಲ್ಲಿ ತಪ್ಪಿಸಿಕೊಂಡರೂ 9ರಂದು ಸಿಗುತ್ತದೆ, ಆಗಲೂ ಅದಕ್ಕೆ ಮೊಟ್ಟೆಯಿಡುವ ಪ್ರಾಯ ಬಂದಿರುವುದಿಲ್ಲ. ಹೀಗೆ ಪ್ರತಿ ಮರಿಯೂ ದೊಡ್ಡದಾಗುವ ಮುನ್ನ ನಿಮ್ಮ ಕೈಗೆ ಬರುವಂತೆ ಈ ದಿನಗಳನ್ನು ಜೋಡಿಸಲಾಗಿದೆ.

ಬರೆದಿಟ್ಟ ಗಾತ್ರದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. 5ರಂದು ಅಥವಾ 9ರಂದು ಚಿಕ್ಕ ಮರಿಗಳು ಸಿಕ್ಕರೆ ಗಾಬರಿಯಾಗಬೇಕಾಗಿಲ್ಲ; ಅವು ಬರುವುದು ನಿರೀಕ್ಷಿತವೇ. ಆದರೆ ಪೂರ್ತಿ ಬೆಳೆದ ಹೇನು ಸಿಕ್ಕರೆ, ಒಂದೋ ಅದು ಮೊದಲ ದಿನ ತಪ್ಪಿಸಿಕೊಂಡದ್ದು, ಇಲ್ಲವೇ ಬೇರೆ ತಲೆಯಿಂದ ಹೊಸದಾಗಿ ಬಂದದ್ದು. ಎರಡರಲ್ಲಿ ಯಾವುದಾದರೂ ಅದು ಈ ನಡುವೆ ಮೊಟ್ಟೆಯಿಟ್ಟಿರಬಹುದಾದ ಕಾರಣ, ಆ ದಿನವನ್ನೇ 1 ಎಂದು ಎಣಿಸಿ ಲೆಕ್ಕವನ್ನು ಹೊಸದಾಗಿ ಆರಂಭಿಸಿ, ಮನೆಯವರ ತಲೆಗಳನ್ನೂ ಮತ್ತೊಮ್ಮೆ ನೋಡಿರಿ.

ಔಷಧ ಬಳಸಿದವರಿಗೂ ಎರಡನೆಯ ಸರದಿ ಕಡ್ಡಾಯ. ಪರ್ಮೆಥ್ರಿನ್ ಒಡೆಯದ ಸೀರನ್ನು ಕೊಲ್ಲುವುದಿಲ್ಲ, ಆದ್ದರಿಂದ 9ನೆಯ ದಿನ ಮತ್ತೆ ಹಚ್ಚಬೇಕು. ಶೇ. 4ರ ಡೈಮೆಥಿಕೋನ್‌ನಂತಹವನ್ನು ಸಾಮಾನ್ಯವಾಗಿ 7 ದಿನಗಳ ನಂತರ ಮತ್ತೆ ಹಚ್ಚುತ್ತಾರೆ. ಮೂರೇ ದಿನಕ್ಕೆ ಹಚ್ಚಿದರೆ ಸೀರುಗಳು ಇನ್ನೂ ಒಡೆದಿರುವುದಿಲ್ಲ, ಹದಿನೈದು ದಿನ ಬಿಟ್ಟರೆ ಮರಿಗಳು ಬೆಳೆದು ಮೊಟ್ಟೆಯಿಟ್ಟಿರುತ್ತವೆ. ತಲೆ ಪೂರ್ತಿ ಚೆನ್ನಾಗಿ ಕಾಣುತ್ತಿರುವಾಗ ಮತ್ತೆ ಔಷಧ ಹಚ್ಚುವುದು ವ್ಯರ್ಥವೆನಿಸಬಹುದು, ಆದರೆ ಹೇನು ‘ಮರಳಿ ಬರುವ’ ಹೆಚ್ಚಿನ ಮನೆಗಳಲ್ಲಿ ಬಿಟ್ಟುಹೋದದ್ದು ಈ ಎರಡನೆಯ ಸರದಿಯೇ.

ಹಂತ 7: ಹಾಸಿಗೆ, ಬಟ್ಟೆ, ಬಾಚಣಿಗೆ

ಇದಕ್ಕೆ ಹೆಚ್ಚು ಶ್ರಮ ಬೇಡ. ಕಳೆದ ಎರಡು ದಿನಗಳಲ್ಲಿ ಬಳಸಿದ ದಿಂಬಿನ ಚೀಲ, ಹೊದಿಕೆ, ಟವೆಲು, ಟೋಪಿ, ತಲೆವಸ್ತ್ರಗಳನ್ನು 55 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಬಿಸಿಯ ನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಿರಿ. ಒಗೆಯಲಾಗದ ವಸ್ತುಗಳನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಬದಿಗಿಡಿ. ಬಾಚಣಿಗೆಗಳನ್ನು ಅಷ್ಟೇ ಬಿಸಿಯ ನೀರಿನಲ್ಲಿ 10 ನಿಮಿಷ ನೆನೆಸಿರಿ. ನೆಲ, ಹಾಸಿಗೆಗಳಿಗೆ ಕೀಟನಾಶಕ ಸಿಂಪಡಿಸಬೇಡಿ. ತಲೆಯಿಂದ ಬಿದ್ದ ಹೇನು ತಾನಾಗಿಯೇ ಸಾಯುತ್ತದೆ, ಸಿಂಪಡಿಸಿದ ವಿಷ ಮಾತ್ರ ಮನೆಯವರ ಉಸಿರಿಗೆ ಸೇರುತ್ತದೆ. ಇಡೀ ಮನೆಯನ್ನು ತೊಳೆಯಲು ಕಳೆಯುವ ದಿನವನ್ನು ತಲೆ ಬಾಚುವುದಕ್ಕೆ ಕೊಟ್ಟರೆ ಫಲ ಹೆಚ್ಚು.

ಎಂದಿಗೂ ಮಾಡಬಾರದವು

ಸೀಮೆಎಣ್ಣೆ, ಪೆಟ್ರೋಲ್, ಗಿಡಗಳಿಗೆ ಸಿಂಪಡಿಸುವ ಕೀಟನಾಶಕ, ಜಿರಲೆ ಸೊಳ್ಳೆಗಳಿಗೆ ಹೊಡೆಯುವ ದ್ರವ, ಇವನ್ನು ತಲೆಗೆ ಹಚ್ಚಬೇಡಿ ಎಂದು ಎಷ್ಟು ಬಾರಿ ಹೇಳಿದರೂ ಕಡಿಮೆಯೇ. ಮೊದಲೆರಡು ಚರ್ಮವನ್ನು ಸುಡುತ್ತವೆ, ಒಂದು ಕಿಡಿ ತಾಗಿದರೆ ಜೀವಕ್ಕೇ ಎರವಾಗುತ್ತವೆ. ಉಳಿದವು ಚರ್ಮದ ಮೂಲಕ ಒಳಸೇರಿ ವಿಷವೇರಿಸಬಲ್ಲವು. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಸೋಕಿದರೆ ಕಣ್ಣಿನ ಪಾರದರ್ಶಕ ಪೊರೆಗೆ ತೀವ್ರವಾದ ಗಾಯವಾಗುತ್ತದೆ, ಆದ್ದರಿಂದ ಅದನ್ನೂ ದೂರವಿಡಿ. ಕರ್ಪೂರ ಬೆರೆಸಿದ ಎಣ್ಣೆಯೂ ಎಳೆಯ ಮಕ್ಕಳಿಗೆ ಅಪಾಯಕರ. ಕರ್ಪೂರ ದೇಹಕ್ಕೆ ಸೇರಿದರೆ ಅಪಸ್ಮಾರದಂತಹ ಸೆಳೆತ ಬರಬಹುದು. ವಿನಿಗರ್ ಸೀರಿನ ಅಂಟನ್ನು ಕರಗಿಸುತ್ತದೆಂಬ ಮಾತಿಗೆ ದೃಢವಾದ ಆಧಾರವಿಲ್ಲ. ಅಡುಗೆ ಎಣ್ಣೆಯನ್ನು ರಾತ್ರಿಯಿಡೀ ಹಚ್ಚಿಟ್ಟರೆ ಹೇನು ಉಸಿರುಗಟ್ಟಿ ಪೂರ್ತಿ ಸಾಯುತ್ತದೆಂದು ನಂಬಲಾಗದು; ಎಣ್ಣೆಯಿಂದ ಬಾಚಲು ಸುಲಭವಾಗುತ್ತದೆ, ಅದರ ಉಪಯೋಗ ಅಷ್ಟೇ. ಎಣ್ಣೆ ಹಚ್ಚಿದ ಮಗುವಿನ ತಲೆಗೆ ಪ್ಲಾಸ್ಟಿಕ್ ಚೀಲ ಬಿಗಿದು ಮಲಗಿಸುವುದಂತೂ ಮಗುವಿಗೇ ಉಸಿರುಗಟ್ಟಿಸಬಲ್ಲ ಕೆಲಸ.

ತಲೆ ಬೋಳಿಸಿದರೆ ಹೇನು ಹೋಗುವುದು ನಿಜ. ಆದರೆ ಸೀರಣಿಗೆಯಿಂದ ಆಗುವ ಕೆಲಸಕ್ಕೆ ಮಗುವಿನ ಇಷ್ಟವನ್ನು ಮೀರಿ ಕೂದಲು ತೆಗೆಯಬೇಕಾದ ಅಗತ್ಯವಿಲ್ಲವೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ವೈದ್ಯರ ಬಳಿಗೆ ಯಾವಾಗ

ಕೆರೆದ ಜಾಗದಲ್ಲಿ ಕೀವು, ಹಳದಿ ಹಕ್ಕಳೆ ಅಥವಾ ರಸಿಗೆ ಕಂಡರೆ, ಕತ್ತಿನ ಹಿಂದೆ ನೋಯುವ ಗಂಟುಗಳಾದರೆ, ಜ್ವರ ಬಂದರೆ, ಮನೆಯ ಚಿಕಿತ್ಸೆಯನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿರಿ. ಇವು ಗಾಯಕ್ಕೆ ಸೋಂಕು ತಗಲಿರುವ ಲಕ್ಷಣಗಳು. ಕಣ್ಣಿನ ರೆಪ್ಪೆಗೂದಲಿನಲ್ಲಿ ಹೇನು ಅಥವಾ ಸೀರು ಕಂಡರೆ ಅಲ್ಲಿಗೆ ಯಾವ ಲೋಷನನ್ನೂ ಹಚ್ಚದೆ ನೇರವಾಗಿ ವೈದ್ಯರ ಬಳಿ ಹೋಗಬೇಕು. ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಯಾವುದೇ ಔಷಧ ಹಚ್ಚುವ ಮುನ್ನ ಕೇಳಿಕೊಳ್ಳಿ. ಎರಡು ಸರದಿಯನ್ನು ಸರಿಯಾಗಿ ಮುಗಿಸಿದ ಮೇಲೂ ಜೀವಂತ ಹೇನು ಓಡಾಡುತ್ತಿದ್ದರೆ ಅದೇ ಔಷಧವನ್ನು ಮೂರನೆಯ, ನಾಲ್ಕನೆಯ ಬಾರಿ ಹಚ್ಚುತ್ತಾ ಹೋಗಬೇಡಿ.

ಹೇನು ಪೂರ್ತಿ ಹೋದ ಮೇಲೂ ಒಂದೆರಡು ವಾರ ತುರಿಕೆ ಉಳಿಯಬಹುದು, ಏಕೆಂದರೆ ಅಲರ್ಜಿ ತಣಿಯಲು ಸಮಯ ಬೇಕು. ತುರಿಕೆ ನಿಲ್ಲಲಿಲ್ಲವೆಂದು ಔಷಧ ಹಚ್ಚದೆ, ಬಾಚಿ ನೋಡಿ ನಿರ್ಧರಿಸಿರಿ.

ಶಾಲೆ ಮತ್ತು ಮುಂದಿನ ದಿನಗಳು

ಚಿಕಿತ್ಸೆ ಆರಂಭಿಸಿದ ಮಗು ಮರುದಿನವೇ ಶಾಲೆಗೆ ಹೋಗಬಹುದು. ಕೂದಲಿನಲ್ಲಿ ಉಳಿದ ಖಾಲಿ ಚಿಪ್ಪುಗಳಿಗಾಗಿ ಮಗುವನ್ನು ತರಗತಿಯಿಂದ ದೂರವಿಡುವುದನ್ನು ಮಕ್ಕಳ ವೈದ್ಯರ ಸಂಘಟನೆಗಳೂ ಬೆಂಬಲಿಸುವುದಿಲ್ಲ. ಶಿಕ್ಷಕರಿಗೆ ವಿಷಯ ತಿಳಿಸಿ, ಮಗುವಿನ ಹೆಸರೆತ್ತದೆ ಎಲ್ಲ ಪೋಷಕರಿಗೂ ತಲೆ ನೋಡಿಕೊಳ್ಳುವಂತೆ ಹೇಳಿಸಿರಿ. ಉದ್ದ ಕೂದಲನ್ನು ಜಡೆ ಹಾಕಿ ಕಳಿಸುವುದರಿಂದ, ಬಾಚಣಿಗೆ, ಟವೆಲು, ಟೋಪಿಗಳನ್ನು ಹಂಚಿಕೊಳ್ಳದಿರುವುದರಿಂದ ಅಪಾಯ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹೇನು ಬರದಂತೆ ತಡೆಯುವುದಾಗಿ ಹೇಳುವ ಎಣ್ಣೆ, ಸಿಂಪಡಣೆಗಳನ್ನು ನಂಬಿ ಪರೀಕ್ಷೆಯನ್ನು ಬಿಡಬೇಡಿ.

17ನೆಯ ದಿನದ ಬಾಚುವಿಕೆಯಲ್ಲಿ ಒಂದೂ ಜೀವಂತ ಹೇನು ಸಿಗದಿದ್ದರೆ ಚಿಕಿತ್ಸೆ ಮುಗಿಯಿತು. ಅಂಟಿಕೊಂಡೇ ಇರುವ ಬಿಳಿಯ ಚಿಪ್ಪುಗಳು ಕೂದಲು ಬೆಳೆದಂತೆ ಕೆಳಗೆ ಸಾಗುತ್ತವೆ, ಅವು ಹಾನಿ ಮಾಡುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಅಲ್ಲಿಂದ ಮುಂದೆ ವಾರಕ್ಕೊಮ್ಮೆ, ತಲೆಸ್ನಾನದ ದಿನ, ಒದ್ದೆಕೂದಲಿಗೆ ಕಂಡೀಷನರ್ ಹಚ್ಚಿ ಕಿವಿಗಳ ಹಿಂದೆ ಮತ್ತು ಕತ್ತಿನ ಮೇಲೆ ಸೀರಣಿಗೆ ಎಳೆದು ನೋಡಿರಿ. ಒಂದೆರಡು ಹೇನಿರುವಾಗಲೇ ಸಿಕ್ಕರೆ ಅದೇ ದಿನವನ್ನು 1 ಎಂದು ಎಣಿಸಿ ಆರಂಭಿಸಬಹುದು.